ಪ್ರೊಬೇಷನ್ ಅಂದ್ರ ಬರೀ ಸಹಿ ಹಾಕೋದಲ್ರೀ

ಮೊನ್ನೆ ಬಳ್ಳಾರಿ ಮೋತಿ ಸರ್ಕಲ್ ಹತ್ರ ಚಾ ಕುಡಿಯೋವಾಗ ನಾಲ್ಕು ಮಂದಿನ ಕೇಳ್ದೆ, ಪ್ರೊಬೇಷನ್ ಅಂದ್ರ ಏನ್ರಿ ಅಂತ. ಮೂವರು ಗೌರ್ಮೆಂಟ್ ನೌಕರಿ ಸೇರಿದ ಮ್ಯಾಲೆ ಇರ್ತೈತಲ್ಲ ಅದು ಅಂದ್ರು, ನಾಲ್ಕನೆಯವ ಫೋನ್ ನೋಡ್ಕೋತ ಕುಂತಿದ್ದ. ನಾ ಕೇಳಿದ್ದು ಬ್ಯಾರೆ ಪ್ರೊಬೇಷನ್, ತಪ್ಪು ಮಾಡಿದೋರನ್ನ ಜೈಲಿಗೆ ಹಾಕದೆ ಒಬ್ಬ ಆಫೀಸರ್ ನಿಗಾದಾಗ ಹೊರಗ ಬಿಡೋದು. ತಪ್ಪು ಅವ್ರದಲ್ಲ ಬಿಡ್ರಿ, ಕಣ್ಣಿಗೆ ಬಿದ್ರ ತಾನೇ ಗೊತ್ತಾಗೋದು.

ಈಗ ಅನ್ಕೊಳ್ರಿ, ಕೌಲ್ ಬಜಾರಿನ ಕಡೆ ಜೀನ್ಸ್ ಹೊಲಿಯೋ ಹುಡುಗ, 19 ವರ್ಷ, ಬೈಕ್ ಕದ್ದು ಸಿಕ್ಕಿಬಿದ್ದ. ತಪ್ಪು ಮಾಡ್ಯಾನ, ಇಲ್ಲ ಅನ್ನಲ್ಲ. ಆದ್ರ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ 21 ವರ್ಷದೊಳಗಿನವ್ರನ್ನ, ಜೀವಾವಧಿ ಶಿಕ್ಷೆ ಬರೋವಂಥ ಕೇಸ್ ಅಲ್ಲದಿದ್ರ, ಸುಮ್ಸುಮ್ನೆ ಜೈಲಿಗೆ ಹಾಕಂಗಿಲ್ಲ, ಹಾಕಿದ್ರ ಜಡ್ಜ್ ಕಾರಣ ಬರೀಬೇಕು, ಅದಕ್ಕೂ ಮೊದ್ಲು ಪ್ರೊಬೇಷನ್ ಆಫೀಸರ್ ಕಡಿಂದ ರಿಪೋರ್ಟ್ ಕೇಳ್ಬೇಕು. ಹುಡುಗನ ನಡತೆ ಹೆಂಗ, ಮನಿ ಕಡೆ ಪರಿಸ್ಥಿತಿ ಏನು, ಎಲ್ಲಾ ಅದ್ರಾಗ ಬರ್ಬೇಕು. ಬಿಟ್ಟ ಮ್ಯಾಲೆ ನಿಗಾ ಇಡೋದು, ಬೇಕಾದ್ರ ಕೆಲ್ಸ ಹುಡುಕಿಕೊಡೋಕ ನೋಡೋದೂ ಅದೇ ಆಫೀಸರ್ ಡ್ಯೂಟಿ ಅಂತ ಕಾಯ್ದೆನಾಗೇ ಐತಿ. ಅಂದ್ರ ಇದು ಕಾಗದದ ಕೆಲ್ಸ ಅಲ್ಲ, ಓಣಿಗೆ ಹೋಗಿ ಅವ್ವನ ಜೊತಿ, ಯೂನಿಟ್ ಮಾಲೀಕನ ಜೊತಿ ಕುಂತು ಮಾತಾಡೋ ಕೆಲ್ಸ. ಒಬ್ಬ ಆಫೀಸರ್ ತಲಿ ಮ್ಯಾಲೆ ಹತ್ತು ಕೆಲ್ಸ ಹೇರಿದ್ರ ಅವ್ರು ಓಣಿಗೆ ಯಾವಾಗ ಹೋಗ್ಬೇಕ್ರಿ?

ಇಂಗ್ಲೆಂಡ್ ಕಥಿ ಕೇಳ್ರಿ. 1907ರಾಗೇ ಅಲ್ಲಿ ಕಾನೂನು ಬಂತು, ಆಫೀಸರ್ ಅಂದ್ರ ಬುದ್ಧಿ ಹೇಳಿ, ಸಹಾಯ ಮಾಡಿ, ಗೆಳೆಯನಂಗ ಇರ್ಬೇಕು ಅಂತ. ಅಂಥಾದ್ದನ್ನ 2014ರಾಗ ಒಡೆದು, ದೊಡ್ಡ ಅಪಾಯ ಇರೋರನ್ನ ಸರ್ಕಾರ ಇಟ್ಕೊಂಡು ಉಳಿದೋರನ್ನ 21 ಕಂಪನಿಗಳ ಕೈಗೆ ಗುತ್ತಿಗಿ ಕೊಟ್ರು. ಕೆಲವು ಕಡೆ ನಿಗಾ ಅಂದ್ರ ಬರೀ ಒಂದು ಫೋನ್ ಕಾಲ್, ಹೆಂಗದೀಯಪ್ಪ, ಚೆನ್ನಾಗಿದೀನಿ, ಮುಗೀತು! ಕೊನಿಗೆ 2021ರಾಗ ಎಲ್ಲಾ ವಾಪಸ್ ಸರ್ಕಾರಕ್ಕೇ ತಗೊಂಡ್ರು. ಅವ್ರು ಕಟ್ಟಿದ್ದನ್ನ ಮಾರಿ ಕಲ್ತರು, ನಾವು ಮಾರೋಕೂ ಏನೂ ಕಟ್ಟಿಲ್ಲ ಅನ್ಸುತ್ತೆ ನಂಗೆ.

2024ರಾಗ ಒಬ್ಬ ಸಿನಿಮಾ ಹೀರೋ ನಮ್ಮ ಜೈಲಿಗೆ ಬಂದಾಗ ಟಿವಿಯವ್ರು ಗೇಟ್ ಮುಂದೇ ಠಿಕಾಣಿ ಹೂಡಿದ್ರು. ಜೀನ್ಸ್ ಹುಡುಗಂಗೆ ಯಾವ ಕ್ಯಾಮೆರಾನೂ ಬರಲ್ಲ, ಅವಂಗೆ ಬೇಕಾಗಿದ್ದು ಒಂದು ರಿಪೋರ್ಟ್ ಅಷ್ಟೇ. ವಕೀಲ್ರು ಯಾರಾದ್ರೂ ಕೇಳ್ತಿದ್ರ, ನಿಮ್ಮ ಕಕ್ಷಿದಾರಂಗೆ 21 ತುಂಬಿಲ್ಲಾಂದ್ರ ಕೋರ್ಟ್‌ನಾಗ ಬಾಯಿ ಬಿಟ್ಟು ಕೇಳ್ರಿ, ಆ ರಿಪೋರ್ಟ್ ಎಲ್ಲೈತಿ ಅಂತ.