ಮುಖವಾಡ ಒಂದೇ, ಒಳಗಿರೋ ಮುಖ ಮಾತ್ರ ಬದಲಾಗ್ತಾ ಇರುತ್ತೆ

ನಮಸ್ಕಾರ ಎಲ್ಲಾರ್ಗೂ. ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಲಂಡನ್ನಿನ ಹೇಮಾರ್ಕೆಟ್ ರಸ್ತೆ, ಆ ಹಳೇ ಕಟ್ಟಡ ಇದ್ಯಲ್ಲ ಅದೇ ಹಿಸ್ ಮೆಜೆಸ್ಟೀಸ್ ಥಿಯೇಟರ್. ರಾಣಿ ಇದ್ದಾಗ ಹರ್ ಮೆಜೆಸ್ಟೀಸ್ ಅಂತಿತ್ತು, ಚಾರ್ಲ್ಸ್ ರಾಜ ಆದ್ಮೇಲೆ 2023ರಲ್ಲಿ ಬೋರ್ಡ್ ಬದಲಾಯ್ತು. ಆದ್ರೆ ಬೋರ್ಡ್ ಬದಲಾದ್ರೂ ಒಳಗಡೆ ಆಡ್ತಿರೋದು ಅದೇ ಮ್ಯೂಸಿಕಲ್, ದಿ ಫ್ಯಾಂಟಮ್ ಆಫ್ ದಿ ಒಪೆರಾ, 1986ರ ಅಕ್ಟೋಬರ್ 9ಕ್ಕೆ ಶುರುವಾಗಿದ್ದು ಇಲ್ಲೇ. ಒಳಗೆ ಶೂಟ್ ಮಾಡೋ ಹಾಗಿಲ್ಲ, ಹಾಗಾಗಿ ಇವತ್ತು ನಿಮಗೆ ಹೊರಗಿನ ರಸ್ತೆ, ಫಾಯರ್ ಅಂದ್ರೆ ಬಾಗಿಲ ಹತ್ರದ ಹಜಾರ, ಪೋಸ್ಟರ್ ಇಷ್ಟೇ ಕಾಣೋದು, ಮಿಕ್ಕಿದ್ದೆಲ್ಲ ನನ್ನ ಮಾತು.

ಕಥೆ ಗೊತ್ತಿಲ್ದೇ ಇರೋರ್ಗೆ ಒಂದೇ ಸಾಲಲ್ಲಿ ಹೇಳ್ಬಿಡ್ತೀನಿ, ಪ್ಯಾರಿಸ್ಸಿನ ಒಪೆರಾ ಹೌಸ್ ಕೆಳಗೆ ನೆಲಮಾಳಿಗೇಲಿ ಮುಖವಾಡ ಹಾಕ್ಕೊಂಡು ಬದುಕ್ತಿರೋ ಒಬ್ಬ ಸಂಗೀತಗಾರ, ಅವನು ಕದ್ದುಮುಚ್ಚಿ ಹಾಡು ಕಲಿಸೋ ಹುಡುಗಿ ಕ್ರಿಸ್ಟೀನ್, ಅವಳನ್ನ ಪ್ರೀತಿಸೋ ರಾಊಲ್. ಸಂಗೀತ ಆಂಡ್ರ್ಯೂ ಲಾಯ್ಡ್ ವೆಬ್ಬರ್ ಅವ್ರದ್ದು. ಇಷ್ಟು ಸಾಕು.

ನಾನು ಈ ಶೋ ನೋಡೋಕೆ ಹೋಗ್ತೀನಿ ಅಂದಾಗೆಲ್ಲ ಊರಿಂದ ಬಂದಿರೋ ಫ್ರೆಂಡ್ಸ್ ಕೇಳೋದು ಒಂದೇ, ಒರಿಜಿನಲ್ ಆಕ್ಟರ್ಸ್ ಇದಾರಾ ಈಗ್ಲೂ, ಅವ್ರಿಲ್ಲ ಅಂದ್ರೆ ಅಷ್ಟು ದುಡ್ಡು ಕೊಟ್ಟು ಯಾಕೆ ನೋಡ್ಬೇಕು ಅಂತ. ಅದಕ್ಕೆ ಸರಿಯಾಗಿ ಉತ್ತರ ಕೊಡ್ಬೇಕು ಅಂತಾನೇ ಈ ವಿಡಿಯೋ. ನನ್ನ ಪ್ರಕಾರ ಈ ನಾಟಕನ ಇಷ್ಟು ವರ್ಷ ಉಳಿಸಿರೋದೇ ಆಮೇಲೆ ಬಂದವ್ರು, ಅವ್ರ ಜಾಗಕ್ಕೆ ಬಂದವ್ರು, ಮತ್ತೆ ಅವ್ರಿಗೆ ಹುಷಾರಿಲ್ಲ ಅಂದಾಗ ಮಧ್ಯಾಹ್ನ ಫೋನ್ ಬಂದು ಸಂಜೆ ಸ್ಟೇಜಿಗೆ ಇಳಿದವ್ರು.

ಒರಿಜಿನಲ್ ಅಂತೀವಲ್ಲ, ಅಲ್ಲೇ ಒಂದು ಸ್ವಾರಸ್ಯ ಇದೆ. ಫ್ಯಾಂಟಮ್ ಅಂದ್ರೆ ಎಲ್ರಿಗೂ ಮೊದಲು ನೆನಪಾಗೋದು ಮೈಕಲ್ ಕ್ರಾಫರ್ಡ್. ಆದ್ರೆ ನಾಟಕ ಶುರುವಾಗೋಕ್ ಮುಂಚೆ, 1986ರ ಶುರುವಲ್ಲಿ ಟೈಟಲ್ ಸಾಂಗ್ ಸಿಂಗಲ್ ಆಗಿ ಹೊರಗೆ ಬಂದಾಗ ಅದರಲ್ಲಿ ಮುಂದೆ ಮೊದಲ ಕ್ರಿಸ್ಟೀನ್ ಆದ ಸಾರಾ ಬ್ರೈಟ್‌ಮನ್ ಜೊತೆ ಹಾಡಿದ್ದು ಸ್ಟೀವ್ ಹಾರ್ಲಿ, ರಾಕ್ ಸಿಂಗರ್. ಪಾತ್ರ ಕೂಡ ಅವ್ರಿಗೇ ಅಂತ ಆಗಿತ್ತು, ಆಮೇಲೆ ಅವ್ರನ್ನ ಬಿಟ್ಟು ಕ್ರಾಫರ್ಡ್‌ನ ತಗೊಂಡ್ರು. ಕ್ರಾಫರ್ಡ್ ಆಗ ಬ್ರಿಟನ್ನಿನ ಮನೆಮನೇಲಿ ಟಿವಿ ಕಾಮಿಡಿಯ ಪೆದ್ದ ಪಾತ್ರಕ್ಕೆ ಫೇಮಸ್, ಇವನೇನು ಫ್ಯಾಂಟಮ್ ಮಾಡ್ತಾನೆ ಅಂತ ಜನ ಅಂದುಕೊಂಡಿದ್ದ ಕಾಲ. ಅದೇ ಮನುಷ್ಯ ಲಂಡನ್ನಲ್ಲಿ ಆಲಿವಿಯರ್, ನ್ಯೂಯಾರ್ಕಲ್ಲಿ ಟೋನಿ, ರಂಗಭೂಮಿಯ ಎರಡೂ ದೊಡ್ಡ ಪ್ರಶಸ್ತಿ ಗೆದ್ದ. ಅಂದ್ರೆ ನಾವು ಒರಿಜಿನಲ್ ಅಂತ ತಲೆ ಮೇಲೆ ಹೊತ್ಕೊಂಡಿರೋರೂ ಇನ್ನೊಬ್ರ ಜಾಗಕ್ಕೆ ಬಂದವ್ರೇ.

ಕ್ರಾಫರ್ಡ್ ಮುಂದಿನ ವರ್ಷ ಇಲ್ಲಿಂದ ಹೊರಟಾಗ ಅವ್ರ ಜಾಗಕ್ಕೆ ಬಂದಿದ್ದು ಡೇವ್ ವಿಲೆಟ್ಸ್. 1988ರ ಜನವರಿ 26ಕ್ಕೆ ಶೋ ಬ್ರಾಡ್‌ವೇಯ, ಅಂದ್ರೆ ನ್ಯೂಯಾರ್ಕಿನ ನಾಟಕದ ಕೇಂದ್ರದ, ಮೆಜೆಸ್ಟಿಕ್ ಥಿಯೇಟರಲ್ಲಿ ಓಪನ್ ಆಯ್ತು, ಅಲ್ಲೂ ಕ್ರಾಫರ್ಡ್ ಅದೇ ಅಕ್ಟೋಬರ್ ತನಕ ಇದ್ದಿದ್ದು, ಆಮೇಲೆ ಟಿಮೊಥಿ ನೋಲನ್. ಮೊದಲ ರಾಊಲ್ ಆಗಿದ್ದ ಸ್ಟೀವ್ ಬಾರ್ಟನ್ ಆಮೇಲೆ ತಾನೇ ಫ್ಯಾಂಟಮ್ ಆದ. ಹ್ಯೂ ಪನಾರೋ ಕೂಡ ಹಾಗೇನೆ, ಹುಡುಗನಾಗಿದ್ದಾಗ ರಾಊಲ್, ವಯಸ್ಸಾದ್ಮೇಲೆ ಫ್ಯಾಂಟಮ್, ಎರಡು ಸಾವಿರಕ್ಕೂ ಹೆಚ್ಚು ಶೋ. ರಮೀನ್ ಕರೀಮ್ಲೂ ಲಂಡನ್ನಲ್ಲಿ ಎರಡೂ ಪಾತ್ರ ಮಾಡಿದ್ರು. ಬ್ರಾಡ್‌ವೇಲಿ ಎಲ್ಲರಿಗಿಂತ ಹೆಚ್ಚು ಸಲ ಆ ಮುಖವಾಡ ಹಾಕಿದ್ದು ಹವರ್ಡ್ ಮೆಕ್‌ಗಿಲಿನ್, 2,544 ಸಲ, ಅವ್ರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ. ಇದೇ ನಂಗೆ ಬೇಜಾರು. ಆಲ್ಬಮ್‌ನಲ್ಲಿ ಧ್ವನಿ ಇದ್ದವರು ಮಾತ್ರ ಶಾಶ್ವತವಾಗಿ ಉಳೀತಾರೆ, ವರ್ಷಗಟ್ಟಲೆ ದಿನಾ ರಾತ್ರಿ ದುಡಿದವ್ರ ಧ್ವನಿ ಆ ಥಿಯೇಟರಲ್ಲಿ ಕೂತಿದ್ದವ್ರ ನೆನಪಲ್ಲಿ ಬಿಟ್ರೆ ಇನ್ನೆಲ್ಲೂ ಇರಲ್ಲ.

ಸರಿ, ಈ ವ್ಯವಸ್ಥೆ ಹೇಗೆ ನಡೆಯುತ್ತೆ ಅಂತ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ ಯಾಕಂದ್ರೆ ಇದು ನಂಗೆ ತುಂಬಾ ಇಷ್ಟದ ಭಾಗ. ವಾರಕ್ಕೆ 8 ಶೋ. ಕ್ರಿಸ್ಟೀನ್ ಪಾತ್ರ ಹೆಚ್ಚುಕಮ್ಮಿ ಇಡೀ ನಾಟಕ ಸ್ಟೇಜ್ ಮೇಲೇ ಇರುತ್ತೆ, ಒಪೆರಾ ಥರ ಎತ್ತರದ ಸ್ಥಾಯಿಲಿ ಹಾಡ್ಬೇಕು, ಒಂದೇ ಗಂಟಲಲ್ಲಿ ವಾರಪೂರ್ತಿ ಆಗೋ ಕೆಲ್ಸ ಅಲ್ಲ. ಅದಕ್ಕೆ ಮೊದಲಿಂದಾನೂ ಮುಖ್ಯ ನಟಿ 6 ಶೋ ಮಾಡಿದ್ರೆ ಮಿಕ್ಕ 2 ಶೋ ಆಲ್ಟರ್ನೇಟ್ ಅಂತ ಇನ್ನೊಬ್ಬರು ಮಾಡೋದು ಅಲ್ಲಿನ ಪದ್ಧತಿ. ಅವ್ರು ಬದಲಿ ಅಂತ ಅಂದ್ಕೋಬೇಡಿ, ಆ ಎರಡು ಶೋ ಅವ್ರದ್ದೇ. ಬ್ರಾಡ್‌ವೇಲಿ ಬ್ರೈಟ್‌ಮನ್‌ಗೆ ಆಲ್ಟರ್ನೇಟ್ ಆಗಿದ್ದ ಪ್ಯಾಟಿ ಕೊಹೆನೋರ್ ಅವ್ರೇ ಆಮೇಲೆ ಪಾತ್ರನ ಪೂರ್ತಿ ವಹಿಸ್ಕೊಂಡ್ರು. ಇನ್ನು ಅಂಡರ್‌ಸ್ಟಡಿ ಅಂದ್ರೆ ದಿನಾ ಚಿಕ್ಕ ಪಾತ್ರ ಮಾಡ್ತಾ, ದೊಡ್ಡ ಪಾತ್ರಾನೂ ಕಲಿತು ರೆಡಿ ಇರೋರು. ಸ್ವಿಂಗ್ ಅಂದ್ರೆ ಇದೆಲ್ಲದಕ್ಕಿಂತ ಕಷ್ಟ, ಅವ್ರಿಗೆ ದಿನಾ ಮಾಡೋ ಪಾತ್ರ ಅಂತ ಇರಲ್ಲ, ಗುಂಪಲ್ಲಿರೋ ಹಲವಾರು ಜನರ ಜಾಗ, ಹೆಜ್ಜೆ, ಹಾರ್ಮನಿ, ಯಾವ ಬಟ್ಟೆ ಯಾವಾಗ ಬದಲಾಯಿಸ್ಬೇಕು, ಯಾವ ವಿಂಗ್‌ನಿಂದ, ಅಂದ್ರೆ ಸ್ಟೇಜಿನ ಪಕ್ಕದ ಯಾವ ಮರೆಯಿಂದ, ಏನು ಎತ್ಕೊಂಡು ಬರ್ಬೇಕು, ಎಲ್ಲಾ ತಲೇಲಿ ಇಟ್ಕೊಂಡು ಯಾರಿಗೆ ಕಾಲು ಉಳುಕಿದ್ರೂ ಅವ್ರ ಜಾಗಕ್ಕೆ ಹೋಗಿ ನಿಲ್ಬೇಕು, ಅದೂ ಕೂತಿರೋ ನಮಗೆ ಏನೂ ಗೊತ್ತಾಗದ ಹಾಗೆ.

ಹೊಸಬರನ್ನ ಶೋ ಒಳಗೆ ಸೇರಿಸೋ ರಿಹರ್ಸಲ್‌ಗೆ ಪುಟ್-ಇನ್ ಅಂತಾರೆ. ಅವತ್ತು ಹೊಸಬರು ಮಾತ್ರ ಪೂರ್ತಿ ಕಾಸ್ಟ್ಯೂಮಲ್ಲಿ ಇರ್ತಾರೆ, ಮಿಕ್ಕವ್ರು ಸಾಮಾನ್ಯವಾಗಿ ಮನೆಯಿಂದ ಬಂದ ಬಟ್ಟೆಲೇ. ಅಲ್ಲೀವರೆಗೂ ಸ್ಟುಡಿಯೋಲಿ ನೆಲದ ಮೇಲೆ ಟೇಪ್ ಹಚ್ಚಿದ ಗುರುತಲ್ಲಿ ಕಲ್ತಿರ್ತಾರೆ, ಮೊದಲ ಸಲ ನಿಜವಾದ ಸೆಟ್ ಮೇಲೆ ಹತ್ತೋದು ಆವಾಗ್ಲೇ. ಈ ಶೋನಲ್ಲಿ ಅದು ಸಣ್ಣ ವಿಷಯ ಅಲ್ಲ, ನೆಲದಿಂದ ಮೇಣದಬತ್ತಿಗಳು ಮೇಲೆದ್ದು ಬರ್ತವೆ, ಹೊಗೆ ಮಧ್ಯೆ ದೋಣಿ ಓಡುತ್ತೆ, ತಲೆ ಮೇಲಿಂದ ಶಾಂಡಲಿಯರ್ ಇಳಿಯುತ್ತೆ. ಎರಡಡಿ ತಪ್ಪು ಜಾಗದಲ್ಲಿ ನಿಂತ್ರೆ ಅಪಾಯ. ಆದ್ರಿಂದ ನಿರ್ದೇಶಕ ಹಾಲ್ ಪ್ರಿನ್ಸ್ ಕೂರಿಸಿದ ಜಾಗ, ನೃತ್ಯ ಸಂಯೋಜಕಿ ಜಿಲಿಯನ್ ಲಿನ್ ಹೇಳ್ಕೊಟ್ಟ ಚಲನೆ, ಇದನ್ನ ಹೊಸಬರು ಹಾಗೇ ಕಲೀಬೇಕು.

ಹಾಗಾದ್ರೆ ಅವ್ರದ್ದು ಅಂತ ಏನಿರುತ್ತೆ ಅಂತ ಕೇಳ್ಬಹುದು. ತುಂಬಾನೇ ಇರುತ್ತೆ. ಕೊನೇ ದೃಶ್ಯದಲ್ಲಿ ಕ್ರಿಸ್ಟೀನ್ ಮುತ್ತು ಕೊಟ್ಟ ಮೇಲೆ ಫ್ಯಾಂಟಮ್ ಕೈ ಏನು ಮಾಡುತ್ತೆ ಅನ್ನೋದನ್ನ ಗಮನಿಸಿ. ನಾನು ನೋಡಿದ ಒಬ್ಬರು ಕೈಯನ್ನ ಗಾಳೀಲಿ ಹಾಗೇ ಬಿಟ್ಟಿದ್ರು, ಮುಟ್ಟೋಕೇ ಧೈರ್ಯ ಇಲ್ದೇ ಇರೋ ಥರ. ಇನ್ನೊಬ್ರು ಇಡೀ ಮೈ ನಡುಗಿಸಿದ್ರು. ಒಬ್ರು ಕೋಪದಲ್ಲೇ ಇದ್ದು ಆ ಕ್ಷಣ ಒಮ್ಮೆಗೇ ಮಗು ಥರ ಆಗ್ಬಿಟ್ರು, ನಂಗೆ ಇವತ್ತಿಗೂ ಅವ್ರದ್ದೇ ಜಾಸ್ತಿ ಇಷ್ಟ. ನಿಂತಿರೋ ಜಾಗ, ಹಾಡು, ಬೆಳಕು ಎಲ್ಲಾ ಅದೇ, ಆದ್ರೆ ಮೂರು ಬೇರೆ ಬೇರೆ ಮನುಷ್ಯರು.

ಒಂದು ಮ್ಯಾಟಿನಿಗೆ ಮೈಸೂರಿನ ಫ್ರೆಂಡ್ ಒಬ್ಳ ಜೊತೆ ಹೋಗಿದ್ದೆ. ಫಾಯರ್ ಬೋರ್ಡ್ ನೋಡಿದ್ರೆ ಆ ದಿನ ಫ್ಯಾಂಟಮ್ ಅಂಡರ್‌ಸ್ಟಡಿ. ಸುತ್ತಮುತ್ತ ಜನ ಅಯ್ಯೋ ಅನ್ನೋ ಥರ ಉಸಿರುಬಿಟ್ರು, ಇವಳೂ ಮುಖ ಸಣ್ಣ ಮಾಡ್ಕೊಂಡ್ಳು. ನಾನು ಹೇಳಿದೆ, ಸುಮ್ನೆ ಕೂತ್ಕೊಳೇ, ನೋಡು ಅಂತ. ಆ ನಟ ಮೊದಲ ದೃಶ್ಯದಲ್ಲಿ ಸ್ವಲ್ಪ ಬಿಗಿಯಾಗಿದ್ರು, ನಿಜ, ಆದ್ರೆ ಎರಡನೇ ಅಂಕ ಬರೋಷ್ಟೊತ್ತಿಗೆ ಜೊತೆಯವರೆಲ್ಲ ಅವ್ರ ಮೇಲೆ ಕಣ್ಣಿಟ್ಟು ಆಡ್ತಿದ್ದ ರೀತಿ ಇದ್ಯಲ್ಲ, ಪ್ರತಿಯೊಬ್ರೂ ಪೂರ್ತಿ ಎಚ್ಚರದಲ್ಲಿದ್ರು. ದಿನಾ ಮಾಡಿ ಮಾಡಿ ಅಭ್ಯಾಸ ಆಗಿರೋ ಶೋನಲ್ಲಿ ಎದುರಿಗೆ ಹೊಸ ಕಣ್ಣು ಬಂದ್ರೆ ಎಲ್ರೂ ಮತ್ತೆ ಕೇಳಿಸ್ಕೊಳ್ಳೋಕೆ ಶುರು ಮಾಡ್ತಾರೆ. ಕೊನೆಗೆ ಅವಳೇ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದು.

ಪಾತ್ರ ಯಾರಿಗೆ ಸಿಗುತ್ತೆ ಅನ್ನೋದರಲ್ಲಿ ಜಗಳಾನೂ ಕಮ್ಮಿ ಇರ್ಲಿಲ್ಲ. ಬ್ರಾಡ್‌ವೇಗೆ ಹೋಗುವಾಗ ಸಾರಾ ಬ್ರೈಟ್‌ಮನ್‌ಗೆ ಅಲ್ಲಿ ಆಡೋಕೆ ಬಿಡಲ್ಲ, ಅಮೆರಿಕದ ನಟಿಗೇ ಕೊಡಿ ಅಂತ ಅಲ್ಲಿನ ಕಲಾವಿದರ ಯೂನಿಯನ್ ಈಕ್ವಿಟಿ ಹಟ ಹಿಡೀತು. ಆಗ ಅವ್ರು ಲಾಯ್ಡ್ ವೆಬ್ಬರ್ ಹೆಂಡತಿ ಬೇರೆ, ಮಾತು ಇನ್ನೂ ಬಿಸಿಯಾಯ್ತು. ಕೊನೆಗೆ ಅವ್ರಿಗೆ ಒಪ್ಪಿಗೆ ಸಿಕ್ತು, ಅದಕ್ಕೆ ಬದಲಾಗಿ ಲಾಯ್ಡ್ ವೆಬ್ಬರ್ ತಮ್ಮ ಮುಂದಿನ ಲಂಡನ್ ಶೋನಲ್ಲಿ ಒಬ್ಬ ಅಮೆರಿಕನ್ ಕಲಾವಿದರಿಗೆ ಮುಖ್ಯ ಪಾತ್ರ ಕೊಡ್ಬೇಕು ಅನ್ನೋ ಕರಾರಲ್ಲಿ.

ಆದ್ರೆ ನನ್ನ ಮನಸ್ಸಿಗೆ ತಟ್ಟೋದು ಬೇರೆ ಒಂದು ಬದಲಾವಣೆ. 1990ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕ್ರಾಫರ್ಡ್ ಜಾಗಕ್ಕೆ ಬಂದಿದ್ದು ರಾಬರ್ಟ್ ಗಿಯೋಮ್, ಕಪ್ಪು ನಟ, ನೀವು ಲಯನ್ ಕಿಂಗ್ ನೋಡಿದ್ರೆ ಅವ್ರ ಧ್ವನಿ ಕೇಳಿದ್ದೀರ, 1994ರ ಸಿನಿಮಾದಲ್ಲಿ ರಫೀಕಿ ಅವ್ರೇ. ಬ್ರಾಡ್‌ವೇಲಿ ಕಪ್ಪು ಫ್ಯಾಂಟಮ್ ಬರೋಕೆ ಮಾತ್ರ 2014ರ ಮೇ ತನಕ ಕಾಯ್ಬೇಕಾಯ್ತು, ಅದು ನಾರ್ಮ್ ಲೂಯಿಸ್. ಕೊರೊನಾ ಮುಗಿದು ಮತ್ತೆ ಓಪನ್ ಆದ ವರ್ಷ, 2021ರಲ್ಲಿ, ಲಂಡನ್ನಲ್ಲಿ ಲೂಸಿ ಸೇಂಟ್ ಲೂಯಿಸ್ ಇಲ್ಲಿನ ಮೊದಲ ಕಪ್ಪು ಕ್ರಿಸ್ಟೀನ್ ಆದ್ರು, ನ್ಯೂಯಾರ್ಕಲ್ಲಿ ಎಮಿಲಿ ಕುವಾಚು ಆಲ್ಟರ್ನೇಟ್ ಆಗಿ ಬಂದು 2022ರ ಜನವರಿಯಿಂದ ಪೂರ್ತಿ ಪಾತ್ರ ತಗೊಂಡ್ರು. ಬಾಗಿಲು ಇಷ್ಟು ನಿಧಾನಕ್ಕೆ ತೆರ್ಕೊಂಡಿದ್ದು ಸರಿ ಅಲ್ಲ ಅಂತ ನಾನು ಖಂಡಿತ ಹೇಳ್ತೀನಿ. ಆದ್ರೆ ಕಾಸ್ಟ್ ಬದಲಾಗ್ತಾನೇ ಇರೋದ್ರಿಂದ ಆ ಬಾಗಿಲು ತೆರೆಯೋಕಾದ್ರೂ ಆಯ್ತು.

ಬದಲಾವಣೆ ಯಾವಾಗ್ಲೂ ಸಿಹಿ ಅಂತ ನಾನು ಹೇಳಲ್ಲ. ಜಾರ್ಜ್ ಲೀ ಆಂಡ್ರ್ಯೂಸ್ ಬ್ರಾಡ್‌ವೇಯ ಮೊದಲ ದಿನದಿಂದ ಇದ್ದವ್ರು, ಬೇರೆ ಬೇರೆ ಪಾತ್ರ ಮಾಡ್ತಾ 23 ವರ್ಷ, 9,382 ಶೋ, ಗಿನ್ನೆಸ್ ದಾಖಲೆ. 2011ರಲ್ಲಿ ಅವ್ರ ಕಾಂಟ್ರ್ಯಾಕ್ಟ್ ಮುಂದುವರಿಸ್ಲಿಲ್ಲ. ಶೋಗೆ ಹೊಸ ರಕ್ತ ಬೇಕು ಅನ್ನೋದು ನಂಗೂ ಅರ್ಥ ಆಗುತ್ತೆ, ಆದ್ರೂ ಅಷ್ಟು ವರ್ಷ ಒಂದೇ ವಿಂಗ್‌ನಲ್ಲಿ ನಿಂತವ್ರಿಗೆ ಯಾವಾಗ ಇಳೀಬೇಕು ಅನ್ನೋದನ್ನ ಅವ್ರಿಗೇ ಬಿಡ್ಬೇಕಿತ್ತು ಅನ್ಸುತ್ತೆ.

ಇನ್ನೊಂದು ದಾರೀನೂ ಇದೆ. 1996ರಿಂದ ಬ್ರಾಡ್‌ವೇಲಿ ಓಡ್ತಿರೋ ಶಿಕಾಗೋ ನೋಡಿ, ಅಲ್ಲಿ ಟಿವಿ, ಸಿನಿಮಾದಿಂದ ಹೆಸರು ಮಾಡಿದವ್ರನ್ನ ಕೆಲವು ವಾರಕ್ಕೆ ಕರ್ಕೊಂಡು ಬರ್ತಾರೆ, 2022ರಲ್ಲಿ ಪಮೇಲಾ ಆಂಡರ್ಸನ್ ಬಂದಿದ್ರಲ್ಲ ಹಾಗೆ. ಟಿಕೆಟ್ ಹೋಗುತ್ತೆ, ಶೋ ಉಳಿಯುತ್ತೆ, ನಂಗೆ ಆಕ್ಷೇಪ ಇಲ್ಲ, ಕೆಲವರು ನಿಜವಾಗ್ಲೂ ಚೆನ್ನಾಗಿ ಮಾಡ್ತಾರೆ ಕೂಡ. ಆದ್ರೆ ನನ್ನ ಪ್ರೀತಿ ಮಾತ್ರ ಒಳಗಿಂದಾನೇ ಬೆಳೆದು ಬಂದವ್ರ ಕಡೆಗೆ.

ನಮ್ಮ ಕನ್ನಡ ರಂಗಭೂಮಿನ ಹತ್ತಿರದಿಂದ ಬಲ್ಲವ್ರಿಗೆ ಇದು ಹೊಸದೇನಲ್ಲ ಬಿಡಿ. ಕಲಾಗಂಗೋತ್ರಿ ತಂಡದ ಮುಖ್ಯಮಂತ್ರಿ ನಾಟಕ, ಸಂಗೀತ ನಾಟಕ ಅಲ್ಲ ಆದ್ರೂ ಹೇಳ್ತೀನಿ, ಅದರಲ್ಲಿ ಲೋಹಿತಾಶ್ವ ಅವ್ರು ಮಾಡ್ಬೇಕಿದ್ದ ಪಾತ್ರ ಅವ್ರಿಗೆ ಹುಷಾರಿಲ್ದೇ ಚಂದ್ರು ಅವ್ರ ಪಾಲಿಗೆ ಬಂತು, ಆಮೇಲೆ ದಶಕಗಟ್ಟಲೆ ಅದೇ ಪಾತ್ರ, ಇವತ್ತು ಇಡೀ ರಾಜ್ಯ ಅವ್ರನ್ನ ಕರೆಯೋದೇ ಮುಖ್ಯಮಂತ್ರಿ ಚಂದ್ರು ಅಂತ.

ಬ್ರಾಡ್‌ವೇ ಫ್ಯಾಂಟಮ್ 2023ರ ಏಪ್ರಿಲ್ 16ಕ್ಕೆ ನಿಂತೋಯ್ತು, ಒಟ್ಟು 13,981 ಶೋ, ಅಲ್ಲಿನ ಇತಿಹಾಸದಲ್ಲೇ ಅತಿ ಹೆಚ್ಚು. ಆ ಕೊನೇ ರಾತ್ರಿ ಸಭಾಂಗಣದ ತುಂಬಾ ಹಿಂದೆ ಆಡಿದವ್ರು, ಅವತ್ತು ಫ್ಯಾಂಟಮ್ ಮಾಡ್ಬೇಕಿದ್ದವ್ರು ಆಗ ಪಾತ್ರದಲ್ಲಿದ್ದ ಬೆನ್ ಕ್ರಾಫರ್ಡ್. ಅವ್ರಿಗೆ ಆರೋಗ್ಯ ಕೈಕೊಡ್ತು. ಮೂವತ್ತೈದು ವರ್ಷದ ಕಟ್ಟಕಡೆಯ ಶೋನಲ್ಲಿ ಮುಖವಾಡ ಹಾಕ್ಕೊಂಡು ಬಂದಿದ್ದು ಲೇರ್ಡ್ ಮ್ಯಾಕಿಂಟಾಶ್, ಜೊತೆಗೆ ಕ್ರಿಸ್ಟೀನ್ ಆಗಿ ಎಮಿಲಿ ಕುವಾಚು. ಬೆನ್ ಅವ್ರ ಬಗ್ಗೆ ಯೋಚಿಸಿದ್ರೆ ಹೊಟ್ಟೆ ಚುರ್ ಅನ್ನುತ್ತೆ. ಆದ್ರೆ ಬದಲಿ ನಟರು ಇಲ್ದೇ ಇದ್ದಿದ್ರೆ ಆ ರಾತ್ರಿನೇ ಇರ್ತಿರ್ಲಿಲ್ಲ.

ಸರಿ, ಸಂಜೆ ಏಳೂವರೆಗೆ ಶೋ, ಕ್ಯೂ ಶುರುವಾಗಿದೆ, ನಾನು ಒಳಗೆ ಹೋಗ್ಬೇಕು. 2025ರ ಮಾರ್ಚಲ್ಲಿ ಮುಂಬೈಗೆ ಈ ಶೋ ಬಂದಾಗ ಬೆಂಗಳೂರಿಂದ ಹೋಗಿ ಜೊನಾಥನ್ ರಾಕ್ಸ್‌ಮೌತ್ ಅವ್ರ ಫ್ಯಾಂಟಮ್ ನೋಡಿದವ್ರು ನಿಮ್ಮಲ್ಲಿ ಇದ್ರೆ ದಯವಿಟ್ಟು ಬರೀರಿ, ಆ ಕೊನೇ ದೃಶ್ಯದಲ್ಲಿ ಅವ್ರು ಕೈ ಏನು ಮಾಡಿದ್ರು ಅಂತ ನಂಗೆ ತಿಳ್ಕೋಬೇಕು. ಮತ್ತೆ ನೀವು ಯಾವತ್ತಾದ್ರೂ ಲಂಡನ್ನಿಗೆ ಬಂದು ಬೋರ್ಡ್ ಮೇಲೆ ಅಂಡರ್‌ಸ್ಟಡಿ ಹೆಸರು ನೋಡಿದ್ರೆ, ಆ ಹೆಸರನ್ನ ಫೋಟೋ ತೆಗೆದು ಇಟ್ಕೊಳ್ಳಿ, ಶೋ ಮುಗಿದ್ಮೇಲೆ ಸ್ಟೇಜ್ ಡೋರ್ ಹತ್ರ ಎರಡು ನಿಮಿಷ ಕಾದು ಅವ್ರನ್ನ ಹೆಸರು ಹಿಡಿದು ಕರೆದು ಚೆನ್ನಾಗಿತ್ತು ಅಂತ ಹೇಳಿ ಹೋಗಿ.