ಬೆಣ್ಣೆ ಇಲ್ಲವೇ ಜಾಮ್: ಈಡಿತ್ ನೆಸ್ಬಿಟ್ ಬರೆದ ಮನೆಗಳು

ಕೇಳುಗರಿಗೆ ನಮಸ್ಕಾರ.

ಸಂಜೆಯ ಚಹಾದ ಹೊತ್ತು. ಫಿಲಿಸ್ ಎಂಬ ಹುಡುಗಿ ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಜಾಮ್ ಕೂಡ ಹಾಕಿಕೊಳ್ಳಲು ಹೋಗುತ್ತಾಳೆ. ಬೆಣ್ಣೆ ಇಲ್ಲವೇ ಜಾಮ್, ಎರಡೂ ಕೂಡಿ ನಮಗೀಗ ಕೈಗೆಟುಕುವುದಿಲ್ಲ ಎನ್ನುತ್ತಾಳೆ ಅಮ್ಮ. ಆ ಮನೆಯ ಬಡತನ ಮಕ್ಕಳಿಗೂ ನಮಗೂ ತಿಳಿಯುವುದು ಹೀಗೆ, ತಟ್ಟೆಯಿಂದ. ಇಂಗ್ಲಿಷ್ ಲೇಖಕಿ ಈಡಿತ್ ನೆಸ್ಬಿಟ್ 1906ರಲ್ಲಿ ಪ್ರಕಟಿಸಿದ ‘ದಿ ರೈಲ್ವೇ ಚಿಲ್ಡ್ರನ್’ ಕಾದಂಬರಿಯ ಮಾತಿದು.

ಒಂದು ರಾತ್ರಿ ಯಾರೋ ಬಂದು ಅಪ್ಪನನ್ನು ಕರೆದೊಯ್ಯುತ್ತಾರೆ. ಅಮ್ಮ ಮೂವರು ಮಕ್ಕಳೊಂದಿಗೆ ಹಳ್ಳಿಗೆ ಬರುತ್ತಾಳೆ, ಕತೆ ಬರೆದು ಸಂಸಾರ ನಡೆಸುತ್ತಾಳೆ. ಸಂಪಾದಕರು ಕತೆ ಒಪ್ಪಿದ ದಿನ ಚಹಾದ ಜೊತೆ ಬನ್ನು! ನೆಸ್ಬಿಟ್‌ಗೆ ಇದು ಕೇಳಿ ತಿಳಿದ ಸಂಗತಿಯಲ್ಲ. 1858ರಲ್ಲಿ ಲಂಡನ್ನಿನ ಕೆನಿಂಗ್ಟನ್‌ನಲ್ಲಿ ಹುಟ್ಟಿದ ಆಕೆಗೆ ನಾಲ್ಕು ತುಂಬುವ ಮೊದಲೇ ತಂದೆ ತೀರಿಕೊಂಡರು. ಮದುವೆಯಾದ ಮೇಲೂ ಮನೆ ನಡೆದದ್ದು ಬಹುಮಟ್ಟಿಗೆ ಆಕೆಯ ಬರವಣಿಗೆಯಿಂದ.

ಕಲ್ಲಿದ್ದಲಿನ ಪ್ರಸಂಗ ನೋಡಿ. ಜೂನ್ ತಿಂಗಳು, ಆದರೂ ಮಳೆ, ಚಳಿ. ಕಲ್ಲಿದ್ದಲು ದುಬಾರಿ, ಬೆಂಕಿ ಹಾಕಲಾಗದು ಎಂದಿದ್ದಾಳೆ ಅಮ್ಮ. ಮಗ ಪೀಟರ್ ರೈಲು ನಿಲ್ದಾಣದ ರಾಶಿಯಿಂದ ಕಲ್ಲಿದ್ದಲು ತರುತ್ತಾನೆ. ಆದರೆ ರಾಶಿಯ ಅಂಚಿನಿಂದಲ್ಲ, ನಡುವಿನಿಂದ. ಅಂಚಿನಿಂದ ತೆಗೆದರೆ ಕಳ್ಳತನ, ನಡುವೆ ಅಗೆದರೆ ಗಣಿಗಾರಿಕೆ: ಇದು ಅವನ ಲೆಕ್ಕ. ಸ್ಟೇಷನ್ ಮಾಸ್ಟರ್ ಹಿಡಿಯುತ್ತಾರೆ, ಕ್ಷಮಿಸುತ್ತಾರೆ, ಆದರೆ ಏನೇ ಹೆಸರಿಟ್ಟರೂ ಕಳ್ಳತನ ಕಳ್ಳತನವೇ ಎಂದು ಹೇಳಿಯೇ ಕಳಿಸುತ್ತಾರೆ. ಮಗುವಿನ ತರ್ಕವನ್ನು ಇಷ್ಟು ಗೌರವದಿಂದ ಕೇಳಿಸಿಕೊಂಡ ಲೇಖಕರು ಆಗ ವಿರಳ.

1899ರ ‘ದಿ ಸ್ಟೋರಿ ಆಫ್ ದಿ ಟ್ರೆಷರ್ ಸೀಕರ್ಸ್’ನಲ್ಲಿ ತಾಯಿಯಿಲ್ಲದ ಆರು ಮಕ್ಕಳು. ಕತೆ ಹೇಳುವವನು ಅವರಲ್ಲೊಬ್ಬ, ಯಾರೆಂದು ಹೇಳುವುದಿಲ್ಲ ಎನ್ನುತ್ತಾನೆ. ಆದರೆ ಅವರಲ್ಲಿ ಆಸ್ವಾಲ್ಡ್ ಎಂಬ ಹುಡುಗನನ್ನೇ ಅತಿಯಾಗಿ ಹೊಗಳಿ, ತಾನೇ ಆಸ್ವಾಲ್ಡ್ ಎಂದು ಸಿಕ್ಕಿಬೀಳುತ್ತಾನೆ. ನಿಧಿಗಾಗಿ ಹಿತ್ತಲು ಅಗೆದಾಗ ಪಕ್ಕದ ಮನೆಯ ಆಲ್ಬರ್ಟ್ ಮಣ್ಣು ಕುಸಿದು ಸಿಕ್ಕಿಕೊಳ್ಳುತ್ತಾನೆ. ಬಿಡಿಸಲು ಬಂದ ಅವನ ಚಿಕ್ಕಪ್ಪನಿಗೆ ಅದೇ ಮಣ್ಣಿನಲ್ಲಿ ಎರಡು ಹಾಫ್ ಕ್ರೌನ್ ನಾಣ್ಯ ‘ಸಿಗುತ್ತವೆ’. ಆಸ್ವಾಲ್ಡ್‌ಗೆ ಅದು ಅದೃಷ್ಟ. ನಾಣ್ಯ ಯಾರ ಜೇಬಿನದೆಂದು ಓದುಗರಿಗೆ ಗೊತ್ತು.

ಮಕ್ಕಳಿಗೆ ಓದಿ ಹೇಳುವವರು ಎಡವುವುದು ಇಲ್ಲೇ. ಓದು ನಿಲ್ಲಿಸಿ ಚಿಕ್ಕಪ್ಪನ ಗುಟ್ಟು ಬಿಡಿಸಿಬಿಡುತ್ತಾರೆ. ಬೇಡ, ಮಗುವೇ ಕಂಡುಕೊಳ್ಳಲಿ. ಮೊದಲೇ ಹೇಳಬೇಕಾದದ್ದು ಆಗಿನ ಇಂಗ್ಲೆಂಡಿನ ಹಣದ ಲೆಕ್ಕ: ಹನ್ನೆರಡು ಪೆನ್ನಿ ನಾಣ್ಯಕ್ಕೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್, ಹಾಫ್ ಕ್ರೌನ್ ಎಂದರೆ ಎರಡೂವರೆ ಶಿಲಿಂಗ್. ಇದು ತಿಳಿಯದಿದ್ದರೆ ಮಕ್ಕಳ ಸಂಭ್ರಮ ಎಷ್ಟು ದೊಡ್ಡದೆಂದು ಅಂದಾಜಾಗದು.

‘ರೈಲ್ವೇ ಚಿಲ್ಡ್ರನ್’ನಲ್ಲಿ ಅಪ್ಪ ಎಲ್ಲಿ ಎಂಬುದನ್ನೂ ಮುಂಚೆ ಹೇಳಬಾರದು. ದೊಡ್ಡ ಮಗಳು ರಾಬರ್ಟಾಗೆ ಅದು ಗೊತ್ತಾಗುವುದು, ಯಾವುದನ್ನೋ ಸುತ್ತಿಕೊಟ್ಟ ಹಳೆಯ ಪತ್ರಿಕೆಯ ಹಾಳೆಯಿಂದ. ಐದು ವರ್ಷದ ಶಿಕ್ಷೆ. ಅಲ್ಲಿ ಓದುವ ದನಿ ತಾನೇ ತಗ್ಗುತ್ತದೆ.

ಕೊನೆಗೆ 11.54ರ ರೈಲಿನಿಂದ ಅಪ್ಪ ಇಳಿಯುತ್ತಾನೆ. ಅವನು ಮನೆಯೊಳಗೆ ಹೋಗುವಾಗ ನೆಸ್ಬಿಟ್ ನಮ್ಮನ್ನು ಹೊರಗೇ ತಡೆಯುತ್ತಾರೆ: ಈಗ ಅಲ್ಲಿ ನಮ್ಮ ಅಗತ್ಯವಿಲ್ಲ. ಬಾಗಿಲು ಮುಚ್ಚುತ್ತದೆ, ನಾವು ಹುಲ್ಲುಗಾವಲಿನ ಆಚೆಯಿಂದ ಒಮ್ಮೆ ತಿರುಗಿ ನೋಡಿ ಹೊರಡುತ್ತೇವೆ.