ಮೀನು ಎಸೆಯುವ ಹಾಕಿ ಮತ್ತು ನನ್ನ ಎಜುಕೇಶನ್ ಲೋನ್ | ಕಾರ್ನೆಲ್ ವ್ಲಾಗ್

ನಮಸ್ಕಾರ, ಎಲ್ಲರೂ ಆರಾಮಾ? ಈ ಸಲ ನಾನು ಕ್ಯಾಮೆರಾ ಮುಂದೆ ಮಾತಾಡಿದ್ದು ಒಂದೂ ಸರಿಯಾಗಿ ಕೇಳುವುದಿಲ್ಲ. ಅದಕ್ಕೇ ಪೂರ್ತಿ ವಾಯ್ಸ್ ಓವರ್. ಮೈಕ್ ಹಾಳಾಯಿತು. ಹೇಗೆ ಎಂದರೆ ನಂಬುವುದಿಲ್ಲ ನೀವು. ಬರುತ್ತದೆ, ತಾಳಿ.

ಇದು ಇಥಾಕಾ. ನ್ಯೂಯಾರ್ಕ್ ರಾಜ್ಯವೇ, ಆದರೆ ನ್ಯೂಯಾರ್ಕ್ ಸಿಟಿ ಅಂದುಕೊಳ್ಳಬೇಡಿ, ಅಲ್ಲಿಂದ ಬಸ್ಸಲ್ಲಿ ನಾಲ್ಕೈದು ಗಂಟೆ. ಕೆಳಗೆ ಕಾಣುತ್ತಿರುವುದು ಕಯೂಗಾ ಸರೋವರ. ಕಾರ್ನೆಲ್ ಯೂನಿವರ್ಸಿಟಿ ಇರುವುದು ಗುಡ್ಡದ ಮೇಲೆ. ನಾನು ಏದುಸಿರು ಬಿಡುತ್ತಾ ಹತ್ತಿದ್ದನ್ನು ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ, ಯಾರಿಗೂ ನೋಡಲು ಇಷ್ಟ ಆಗಲಿಕ್ಕಿಲ್ಲ.

ನನ್ನ ದೊಡ್ಡಮ್ಮನ ಮಗ, ಅಣ್ಣ, ಇಲ್ಲಿ ಕಾರ್ನೆಲ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ನಾನು ಮಾಸ್ಟರ್ಸ್ ಓದುವುದು ಬೇರೆ ಕಡೆ. ಯಾವ ಕಡೆ ಎಂದು ಹೇಳುವುದಿಲ್ಲ, ಯಾಕೆಂದರೆ ಮುಂದೆ ಫೀಸಿನ ಬಗ್ಗೆ ಬೈಯುವುದಿದೆ. "ಹಾರ್ವರ್ಡ್ ಜೊತೆ ಮ್ಯಾಚ್ ಉಂಟು, ಬಾ ಮಾರಾಯ್ತಿ, ಅದನ್ನು ನೋಡದೆ ಊರಿಗೆ ಹೋಗಬೇಡ" ಎಂದ ಅಣ್ಣ. ಹಾಕಿ ಎಂದರೆ ನನಗೆ ಗೊತ್ತಿದ್ದದ್ದು ಕೊಡಗು. ಶಾಲೆಯಲ್ಲಿದ್ದಾಗ ಕೊಡವರ ಕುಟುಂಬಗಳೆಲ್ಲ ಆಡುವ ಹಾಕಿ ಹಬ್ಬದ ಫೋಟೊ ಪ್ರತಿ ಬೇಸಿಗೆಯಲ್ಲೂ ಪೇಪರಿನಲ್ಲಿ ಬರುತ್ತಿತ್ತು. ಇದು ಅದಲ್ಲ. ಇದು ಐಸ್ ಮೇಲಿನದು. ಒಂದು ಕಡೆ ಗೋಲಿ, ಅಂದರೆ ಗೋಲ್ ಕಾಯುವವನೂ ಸೇರಿ ಆರು ಜನ, ಇಪ್ಪತ್ತಿಪ್ಪತ್ತು ನಿಮಿಷದ ಮೂರು ಆಟ. ಚೆಂಡಿನ ಬದಲು ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ. ಅದು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಗೋಲ್ ಆಗಿರುತ್ತದೆ. ನಾನು ಪಕ್ ನೋಡುವುದನ್ನು ಬಿಟ್ಟು ಜನರನ್ನು ನೋಡಿದೆ. ಅದೇ ಜಾಸ್ತಿ ಮಜಾ.

ಒಳಗೆ ಬಂದೆವು. ಇದು ಲೈನಾ ರಿಂಕ್, ಕಾರ್ನೆಲ್‌ನವರು ಐಸ್ ಹಾಕಿ ಆಡುವ ಜಾಗ, 1957ರದ್ದು. ಹೊರಗಿನಿಂದ ನೋಡಿದರೆ ಗೋಡೌನ್. ನಾಲ್ಕು ಸಾವಿರ ಚಿಲ್ಲರೆ ಜನ ಹಿಡಿಸುತ್ತದೆ, ಅಷ್ಟೇ. ಆದರೆ ಮಾಡು ತಗ್ಗು, ಸದ್ದು ಹೊರಗೆ ಹೋಗುವುದೇ ಇಲ್ಲ. ಒಂದು ಕಾಲದಲ್ಲಿ ಸೀಸನ್ ಟಿಕೆಟ್‌ಗಾಗಿ ಹುಡುಗರು ರಾತ್ರಿಯಿಡೀ ಸಾಲಿನಲ್ಲೇ ಮಲಗುತ್ತಿದ್ದರು. ಸ್ಟೂಡೆಂಟ್ಸ್ ಕಡೆ ಯಾರೂ ಕೂರುವುದಿಲ್ಲ, ಮ್ಯಾಚ್ ಮುಗಿಯುವವರೆಗೂ ನಿಂತೇ ಇರುತ್ತಾರೆ. ನನ್ನ ಕಾಲು ನನ್ನ ಹತ್ತಿರ ಮಾತು ಬಿಟ್ಟಿತ್ತು.

ಈಗ ಇದನ್ನು ನೋಡಿ. ಎದುರು ತಂಡದವರ ಹೆಸರು ಹೇಳುತ್ತಿದ್ದಾರೆ, ಇವರೆಲ್ಲ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದಿದ್ದಾರೆ. "ನೀವು ಯಾರೋ ನಮಗೆ ಬೇಕಾಗಿಲ್ಲ, ನಾವು ಪೇಪರ್ ಓದುತ್ತಿದ್ದೇವೆ" ಅಂತ. ಒಂದೊಂದು ಹೆಸರಿಗೂ "ಬೋರಿಂಗ್" ಎಂದು ಕೂಗು. ಅವಮಾನ ಮಾಡುವುದಕ್ಕೂ ಒಂದು ಸಿಲೆಬಸ್ ಇದೆ ಇಲ್ಲಿ. ಗೋಲ್ ಬಿಟ್ಟ ಗೋಲಿಗೆ ಎಲ್ಲರೂ ಬೆರಳು ತೋರಿಸಿ "ಸೀವ್, ಸೀವ್" ಎನ್ನುತ್ತಾರೆ, ಅಂದರೆ ಜರಡಿ. ರಾಷ್ಟ್ರಗೀತೆಯಲ್ಲಿ 'ರೆಡ್' ಎಂಬ ಪದ ಬಂದ ಕೂಡಲೇ ಇಡೀ ರಿಂಕ್ ಅದೊಂದನ್ನೇ ಕಿರುಚುತ್ತದೆ, ಯಾಕೆಂದರೆ ಇವರ ತಂಡದ ಹೆಸರು ಬಿಗ್ ರೆಡ್. ಮೊದಲ ವರ್ಷದ ಮಕ್ಕಳಿಗೆ ಇದೆಲ್ಲ ಬಾಯಿಪಾಠ. ಪಾಠದ್ದು ಎಷ್ಟು ಬಾಯಿಪಾಠವೋ ಕೇಳಬೇಡಿ.

ಇನ್ನು ಮೀನು.

ಹಾರ್ವರ್ಡ್ ತಂಡ ಐಸ್ ಮೇಲೆ ಬರುವಾಗ ಇಲ್ಲಿಯವರು ಮೀನು ಎಸೆಯುತ್ತಾರೆ. ನಿಜವಾದ ಮೀನು. 1970ರ ದಶಕದಲ್ಲಿ ಹಾರ್ವರ್ಡ್ ಕಡೆಯವರು "ನೀವು ಕೃಷಿ ಕಾಲೇಜಿನವರು" ಎಂದು ಅಣಕಿಸಲು ಐಸ್ ಮೇಲೆ ಕೋಳಿ ಎಸೆದರಂತೆ. ಹಾರ್ವರ್ಡ್ ಇರುವುದು ಬಾಸ್ಟನ್ ಪಕ್ಕ, ಸಮುದ್ರದ ಕಡೆಯ ಊರು. ಹಾಗಾಗಿ ಇವರು ತಿರುಗಿ ಮೀನು ಶುರು ಮಾಡಿದರಂತೆ. ಕೃಷಿ ಕಾಲೇಜು ಇರುವುದು ಅವಮಾನ ಹೇಗೆ ಆಗುತ್ತದೋ! ನಮ್ಮಲ್ಲಿ ಬಿಎಸ್ಸಿ ಅಗ್ರಿ ಸೀಟಿಗೆ ಸಿಇಟಿ ಬರೆದು, ಕೃಷಿಕರ ಕೋಟಾಕ್ಕೆ ಪ್ರಾಕ್ಟಿಕಲ್ ಕೊಟ್ಟು ಎಷ್ಟು ಒದ್ದಾಡುತ್ತಾರೆ. ಇರಲಿ.

ಮೀನು ಒಳಗೆ ತರಬಾರದು ಎಂಬ ನಿಯಮ ಇದೆ. ಗೇಟಿನಲ್ಲಿ ನೋಡುತ್ತಾರೆ. ಆದರೂ ಬರುತ್ತದೆ. ಜಾಕೆಟ್ ಒಳಗೆ, ಪ್ಯಾಂಟಿನ ಒಳಗೆ, ಎಲ್ಲೆಲ್ಲಿಂದಲೋ.

ನಾನು ಮಲ್ಪೆ ಹತ್ತಿರದವಳು. ನನಗೆ ಮೀನು ನೋಡಿದರೆ ಕೈ ಮಾತಾಡುತ್ತದೆ. ಈ ದೇಶಕ್ಕೆ ಬಂದಾಗಿನಿಂದ ಒಳ್ಳೆಯ ಮೀನು ಕೈಗೆಟುಕುವ ರೇಟಿಗೆ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದೇನೆ. ಹಿಂದಿನ ದಿನ ಅಣ್ಣನ ರೂಮ್‌ಮೇಟ್‌ಗಳ ಜೊತೆ ಅಂಗಡಿಗೆ ಹೋಗಿದ್ದೆ. ಅವರು ಒಂದು ಇಡೀ ಮ್ಯಾಕೆರೆಲ್ ತೆಗೆದುಕೊಂಡರು. ನಮ್ಮ ಬಂಗುಡೆಯ ನೆಂಟನೇ ಅದು, ಸ್ವಲ್ಪ ಉದ್ದ, ಬೆನ್ನಿನ ಮೇಲೆ ಪಟ್ಟೆ. ಒಂದಕ್ಕೆ 5 ಡಾಲರ್ ಹತ್ತಿರ. ನಾಲ್ಕು ನೂರು ರೂಪಾಯಿ ದಾಟಿತು! ಸೀಸನ್‌ನಲ್ಲಿ ಅಷ್ಟು ದುಡ್ಡಿಗೆ ಮಲ್ಪೆಯಲ್ಲಿ ಮನೆಮಂದಿಗೆಲ್ಲ ಆಗಿ, ಪಕ್ಕದ ಮನೆಗೂ ಕೊಡುವಷ್ಟು ಬರುತ್ತದೆ. "ಇದನ್ನು ನನಗೆ ಕೊಡಿ, ಪುಳಿಮುಂಚಿ ಮಾಡಿ ಬಡಿಸುತ್ತೇನೆ, ನಾಳೆ ಎಸೆಯಲು ಬೇರೆ ಏನಾದರೂ ತನ್ನಿ" ಎಂದೆ. ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಸರಿ, ಮ್ಯಾಚ್ ದಿನ. ಹಾರ್ವರ್ಡ್‌ನವರು ಬಂದರು, ಮೀನಿನ ಮಳೆ. ಇಲ್ಲಿ ನಿಧಾನ ಮಾಡಿದ್ದೇನೆ, ನೋಡಿ, ಆ ಬೆಳ್ಳಿ ಬಣ್ಣದ್ದು ಐಸ್ ಮೇಲೆ ಜಾರಿಕೊಂಡು ಎದುರು ಬದಿಯ ಹಲಗೆಯವರೆಗೂ ಹೋಯಿತು. ಎಷ್ಟು ತಾಜಾ! ಕಿವಿರು ಕೆಂಪಗಿತ್ತು, ಜೂಮ್ ಮಾಡಿದ್ದೇನೆ. ಒಬ್ಬ ಸಲಿಕೆ ಹಿಡಿದು ಬಂದು ಎಲ್ಲವನ್ನೂ ಕಸದ ಡಬ್ಬಿಗೆ ತುಂಬಿದ. ನನಗೆ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಎಸೆದದ್ದು ಐಸ್‌ವರೆಗೆ ಹೋಗಲೇ ಇಲ್ಲ. ನೇರ ನನ್ನ ಕ್ಯಾಮೆರಾ ಮೇಲೆ. ಫ್ರೀಜರ್ ಮೀನು, ಒಳಗಿನ ಐಸ್ ಪ್ಯಾಂಟಿನ ಶಾಖಕ್ಕೆ ಕರಗಿತ್ತು ಅನಿಸುತ್ತದೆ. ಮೈಕಿನ ಮೇಲೆ ತುಪ್ಪಟದ ಹಾಗೆ ಒಂದು ಕವರ್ ಇರುತ್ತದಲ್ವಾ, ಗಾಳಿ ಸದ್ದು ಬರದಿರಲಿ ಎಂದು? ಅದು ಪೂರ್ತಿ ಮೀನಿನ ನೀರು ಕುಡಿಯಿತು. ಒಳಗೂ ಇಳಿಯಿತು. ಅಲ್ಲಿಂದ ಮುಂದೆ ಆಡಿಯೊದಲ್ಲಿ ಬರೀ ಗೊರಗೊರ.

ವಾಸನೆಗೆ ನನ್ನ ತಕರಾರಿಲ್ಲ. ಮೀನು ಮಾರುಕಟ್ಟೆಯ ಪಕ್ಕ ಬೆಳೆದವಳು. ತಕರಾರು ಇರುವುದು ದುಡ್ಡಿಗೆ. ಆ ಮೈಕನ್ನು ನಾನು ಕ್ಯಾಂಪಸ್ ಕೆಲಸದ ದುಡ್ಡಲ್ಲಿ ಕೊಂಡದ್ದು. ಹೊಸದಕ್ಕೆ 60 ಡಾಲರ್ ಮೇಲೆ. ಎಸೆದ ಹುಡುಗ ಬಂದು ಸಾರಿ ಎಂದ, ಪಾಪ, ಮುಖ ಕೆಂಪಾಗಿತ್ತು. ಸಾರಿಯಿಂದ ಮೈಕ್ ಬರುತ್ತದಾ? ಅವನಿಗೆ ಹೆಚ್ಚೆಂದರೆ ಹತ್ತೊಂಬತ್ತು ವರ್ಷ. ಅವನನ್ನು ನೋಡುತ್ತಾ ಬಂದ ಯೋಚನೆ ಒಂದೇ. ಇವನ ಅಪ್ಪ ಅಮ್ಮ ಇವನನ್ನು ಇಲ್ಲಿಗೆ ಕಳಿಸಿದ್ದು ಇದಕ್ಕಾ?

ಲೆಕ್ಕ ಹೇಳುತ್ತೇನೆ ಕೇಳಿ. ಕಾರ್ನೆಲ್‌ನಲ್ಲಿ ಈಗ ಡಿಗ್ರಿ ಮಕ್ಕಳ ಟ್ಯೂಷನ್ನೇ ವರ್ಷಕ್ಕೆ 65,000 ಡಾಲರ್ ದಾಟಿದೆ. ಊಟ, ರೂಮು ಎಲ್ಲ ಸೇರಿಸಿದರೆ 90,000 ಡಾಲರ್ ದಾಟುತ್ತದೆ. ಕೃಷಿಯಂಥ ಕೆಲವು ಕಾಲೇಜುಗಳಲ್ಲಿ ನ್ಯೂಯಾರ್ಕ್ ರಾಜ್ಯದವರಿಗೆ ಕಡಿಮೆ. ಬಡವರ ಮಕ್ಕಳಿಗೆ ಯೂನಿವರ್ಸಿಟಿಯೇ ತುಂಬ ನೆರವು ಕೊಡುತ್ತದೆ, ಅದನ್ನೂ ಹೇಳಬೇಕು. ಅಣ್ಣನ ಹಾಗೆ ಪಿಎಚ್‌ಡಿಯವರಿಗೆ ಫೀಸಿಲ್ಲ, ತಿಂಗಳಿಗಿಷ್ಟು ಅಂತ ಅವರೇ ಕೊಡುತ್ತಾರೆ. ನಡುವೆ ಸಿಕ್ಕಿಕೊಳ್ಳುವವರು ನಮ್ಮಂಥ ಮಾಸ್ಟರ್ಸ್‌ನವರು. ಅಪ್ಪ ಸೈಟ್ ಅಡವಿಟ್ಟು ಲೋನ್ ತೆಗೆದಿದ್ದಾರೆ. ಬಡ್ಡಿ ಎಷ್ಟು ಎಂದು ಹೇಳಿದರೆ ಅಮ್ಮ ಈ ವಿಡಿಯೊ ನೋಡಿ ಮತ್ತೆ ಅಳುತ್ತಾರೆ, ಬೇಡ.

ಅದಕ್ಕೆ ನನಗೆ ಮೊದಲು ಸಿಟ್ಟೇ ಬಂತು. ಇಷ್ಟು ಕೊಟ್ಟು ಬಂದು ಐಸ್ ಮೇಲೆ ಮೀನು ಎಸೆಯುವುದಾ? ಲೈಬ್ರರಿಯಲ್ಲಿ ಕೂರಬಾರದಾ? ಥೇಟ್ ನನ್ನ ಅಪ್ಪನ ಮಾತೇ ನನ್ನ ಬಾಯಲ್ಲಿ!

ಹಾಟ್ ಚಾಕೊಲೇಟ್ ಸಾಲು ಇದು. ಮೊದಲ ಬ್ರೇಕ್. ನನ್ನ ಮುಂದೆ ನಿಂತಿದ್ದ ಕೆಂಪು ಟೋಪಿಯ ಅಜ್ಜ, ಮುಖ ತೋರಿಸಿಲ್ಲ, 1970ರಲ್ಲಿ ಇಲ್ಲೇ ಓದುತ್ತಿದ್ದರಂತೆ. ಆ ವರ್ಷ ಕಾರ್ನೆಲ್ ತಂಡ ಆಡಿದ 29 ಮ್ಯಾಚ್‌ಗಳಲ್ಲಿ 29ನ್ನೂ ಗೆದ್ದು ಚಾಂಪಿಯನ್ ಆಯಿತು. ಒಂದೂ ಸೋಲಿಲ್ಲ, ಒಂದೂ ಡ್ರಾ ಇಲ್ಲ. ಆಮೇಲೆ ಗಂಡಸರ ತಂಡಕ್ಕೆ ರಾಷ್ಟ್ರೀಯ ಟ್ರೋಫಿ ಬಂದೇ ಇಲ್ಲ. ಆದರೂ ಈ ಅಜ್ಜ ಬರುತ್ತಲೇ ಇದ್ದಾರೆ. "ಕ್ಲಾಸಿನಲ್ಲಿ ಏನು ಕಲಿತೆ ನೆನಪಿಲ್ಲ, ಈ ಜಾಗ ನೆನಪಿದೆ" ಎಂದರು. ಕೇಳಲು ಚೆಂದ. ಆದರೆ ಅಜ್ಜ ಓದಿದಾಗಿನ ಫೀಸು ಇಂದಿನದಲ್ಲವಲ್ಲ! ಅವರ ಹತ್ತಿರ ಹಾಗೆ ಹೇಳಲಿಲ್ಲ. ಅವರೇ ನನ್ನ ಚಾಕೊಲೇಟಿನ ದುಡ್ಡು ಕೊಟ್ಟರು.

ಹೌದು, ಮೇಲೆ ನೋಡಿ, ಬ್ಯಾನರ್‌ಗಳು. ಅದರಲ್ಲಿ 1 ನಂಬರಿನದು ಕೆನ್ ಡ್ರೈಡನ್ ಅವರದು. 2010ರಲ್ಲಿ ಆ ಜೆರ್ಸಿ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಶಾಶ್ವತವಾಗಿ ನಿಲ್ಲಿಸಿದರು. ಇವರ ಕಥೆ ಅಣ್ಣ ಹೇಳಿದ್ದು, ನಾನು ಆಮೇಲೆ ಓದಿಕೊಂಡೆ. ಕೆನಡಾದವರು, ಗೋಲಿ. 1964ರಲ್ಲೇ ಎನ್‌ಎಚ್‌ಎಲ್, ಅಂದರೆ ಇಲ್ಲಿಯ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್‌ನ ಬಾಸ್ಟನ್ ತಂಡ ಡ್ರಾಫ್ಟ್‌ನಲ್ಲಿ, ಹೊಸ ಆಟಗಾರರನ್ನು ಆರಿಸುವಾಗ, ಇವರನ್ನು ಆರಿಸಿತ್ತು. ಇವರು ಓದಲು ಕಾರ್ನೆಲ್‌ಗೆ ಬಂದರು. ಇಲ್ಲಿ ಗೋಲಿಯಾಗಿ 76 ಗೆಲುವು, 4 ಸೋಲು, 1 ಡ್ರಾ. 1967ರಲ್ಲಿ ಚಾಂಪಿಯನ್. ಇತಿಹಾಸದಲ್ಲಿ ಡಿಗ್ರಿ. ಇತಿಹಾಸ! ನಮ್ಮಲ್ಲಿ ಹಿಸ್ಟರಿ ತೆಗೆದುಕೊಳ್ಳುತ್ತೇನೆ ಎಂದರೆ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಮಾಡುತ್ತಾರೆ.

ಆಮೇಲೆ ಮಾಂಟ್ರಿಯಲ್ ತಂಡಕ್ಕೆ ಆಡುತ್ತಲೇ ಅಲ್ಲಿನ ಮೆಕ್‌ಗಿಲ್ ಯೂನಿವರ್ಸಿಟಿಯಲ್ಲಿ ಕಾನೂನು ಓದಿದರು. 1973ರಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗ, ಸಂಬಳದ ವಿಷಯದಲ್ಲಿ ತಂಡದ ಜೊತೆ ಜಟಾಪಟಿ ಆಯಿತು. ಬೇಡ ಹೋಗಿ ಎಂದು ಒಂದು ಇಡೀ ಸೀಸನ್ ಆಡಲೇ ಇಲ್ಲ. ಟೊರೊಂಟೊದಲ್ಲಿ ಒಂದು ಲಾ ಆಫೀಸಿನಲ್ಲಿ ಜೂನಿಯರ್ ಆಗಿ ಕೂತು ವಕೀಲಿಕೆಯ ತರಬೇತಿ ಮುಗಿಸಿದರು. ಅಲ್ಲಿ ಸಿಗುತ್ತಿದ್ದದ್ದು ಪುಡಿಗಾಸು. ಮರುವರ್ಷ ತಿರುಗಿ ಬಂದರು. ಎಂಟು ಸೀಸನ್‌ನಲ್ಲಿ ಆರು ಸ್ಟ್ಯಾನ್ಲಿ ಕಪ್, ಅದು ಎನ್‌ಎಚ್‌ಎಲ್‌ನ ಚಾಂಪಿಯನ್ ಟ್ರೋಫಿ. ಮುಂದೆ ಸಂಸದ, ಮಂತ್ರಿ. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಓದಿನ ಬೆಲೆ ಅಂದರೆ ಇದು ಅನಿಸಿತು ನನಗೆ. ಸಂಬಳ ಜಾಸ್ತಿ ಆಯಿತೋ ಇಲ್ಲವೋ, ಒಂದು ವರ್ಷ "ಬೇಡ" ಎಂದು ಎದ್ದು ಹೋಗುವಷ್ಟು ಜೀವ ಗಟ್ಟಿ ಇತ್ತು ಅವರಿಗೆ, ಕೈಯಲ್ಲಿ ಇನ್ನೊಂದು ವಿದ್ಯೆ ಇದ್ದದ್ದರಿಂದ. ಈಗ ನನ್ನನ್ನು ನೋಡಿ. ನಾನೂ ಓದುತ್ತಿದ್ದೇನೆ. ಆದರೆ ಲೋನ್ ತೀರುವವರೆಗೆ ಯಾವ ಕೆಲಸಕ್ಕೂ ಬೇಡ ಎನ್ನುವ ಹಾಗಿಲ್ಲ. ಡಿಗ್ರಿ ಕೊಡುವುದನ್ನು ಸಾಲ ಕಿತ್ತುಕೊಳ್ಳುತ್ತದೆ. ಇದರ ಮೇಲೆ ವೀಸಾ. 2025ರ ಸೆಪ್ಟೆಂಬರಿನಲ್ಲೇ ಹೊಸ ಎಚ್-1ಬಿಗೆ, ಅಂದರೆ ಇಲ್ಲಿ ಕೆಲಸ ಮಾಡುವ ವೀಸಾಕ್ಕೆ, 1,00,000 ಡಾಲರ್ ಶುಲ್ಕ ಎಂದು ಆದೇಶ ಬಂತು. ಇಲ್ಲೇ ಓದಿ ಇಲ್ಲಿಂದಲೇ ವೀಸಾ ಬದಲಿಸುವವರಿಗೆ ಅದಿಲ್ಲ ಎಂದು ಆಮೇಲೆ ಸ್ಪಷ್ಟನೆ ಕೊಟ್ಟರು. ಆ ನಡುವಿನ ದಿನಗಳಲ್ಲಿ ಅಮ್ಮನ ಫೋನ್ ಹೇಗಿತ್ತು ಎಂದು ಊಹಿಸಿಕೊಳ್ಳಿ.

ಅಯ್ಯೋ, ಗೋಲ್! ಮಾತಾಡುತ್ತಾ ಗೋಲೇ ಹೋಯಿತು. ಬ್ಯಾಂಡ್ ಕೇಳಿ. ಇದು ಅಣ್ಣನ ಫೋನಿನ ಆಡಿಯೊ.

ಆಡುವ ಹುಡುಗರ ಬಗ್ಗೆ ಒಂದು ಮಾತು. ಕಾರ್ನೆಲ್, ಹಾರ್ವರ್ಡ್ ಎಲ್ಲ ಐವಿ ಲೀಗ್, ಅಂದರೆ ಎಂಟು ಹೆಸರಾಂತ ಯೂನಿವರ್ಸಿಟಿಗಳ ಗುಂಪು. ಇಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಆದಾಯ ನೋಡಿ ಮಾತ್ರ ನೆರವು. ಬೇರೆ ಕಡೆ ಹಾಗಲ್ಲ. ಕೆನಡಾದ ಜೂನಿಯರ್ ಲೀಗ್‌ನಲ್ಲಿ ಆಡಿದವರನ್ನು ಮೊದಲು ಕಾಲೇಜು ಹಾಕಿಗೆ ಸೇರಿಸುತ್ತಿರಲಿಲ್ಲ, ವೃತ್ತಿಪರರು ಎಂದು. 2025ರಿಂದ ಆ ನಿಯಮ ಹೋಯಿತು. ಗ್ಯಾವಿನ್ ಮೆಕೆನ್ನಾ ಎಂಬ ಹುಡುಗ ಅಲ್ಲಿಂದ ಪೆನ್ ಸ್ಟೇಟ್ ಯೂನಿವರ್ಸಿಟಿಗೆ ಬಂದ. ಅವನಿಗೆ ಸಿಗುವುದು ಲಕ್ಷಗಟ್ಟಲೆ ಡಾಲರ್ ಎಂದು ಪತ್ರಿಕೆಗಳಲ್ಲಿ ಬಂತು. ಕಾಲೇಜಿಗೆ ಹೋಗಲು ದುಡ್ಡು ಪಡೆಯುವವರು ಒಂದು ಕಡೆ, ಸೈಟ್ ಅಡವಿಡುವವರು ಇನ್ನೊಂದು ಕಡೆ. ಅವನು ಮಾಡುತ್ತಿರುವುದು ತಪ್ಪಲ್ಲ. ಟಿಕೆಟ್ ಮಾರುವುದು ಅಂಥವರ ಆಟದಿಂದ, ಪಾಲು ಕೊಡಬೇಕು. ನನ್ನ ಅಸೈನ್‌ಮೆಂಟ್ ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ.

ಮೂರನೇ ಆಟದ ಹೊತ್ತಿಗೆ ನಾನೂ ಕಿರುಚುತ್ತಿದ್ದೆ. ಇದೋ, ಸಾಕ್ಷಿ. ಆ ಮೀನಿನ ಹುಡುಗ ನನ್ನ ಪಕ್ಕಕ್ಕೇ ಬಂದು ಯಾವಾಗ ಏನು ಕೂಗಬೇಕು ಎಂದು ಹೇಳಿಕೊಡುತ್ತಿದ್ದಾನೆ. ನನ್ನ ಯೂನಿವರ್ಸಿಟಿಯಲ್ಲಿ ನಾನು ಕ್ಲಾಸ್, ಲ್ಯಾಬ್, ಕೆಲಸ, ರೂಮ್, ಅಷ್ಟೇ. ಪಕ್ಕದಲ್ಲಿ ಕೂರುವವರ ಹೆಸರು ಕೂಡ ಗೊತ್ತಿಲ್ಲ. ಅಪ್ಪ ಕಟ್ಟುವ ದುಡ್ಡಿನಲ್ಲಿ ಇದೂ ಸೇರಿತ್ತಾ, ನಾನು ತೆಗೆದುಕೊಳ್ಳದೆ ಬಿಟ್ಟೆನಾ ಅನಿಸಿತು. ಈಗ ಎಡಿಟ್ ಮಾಡುತ್ತಾ ಮತ್ತೆ ಮನಸ್ಸು ಬದಲಾಗಿದೆ, 60 ಡಾಲರ್ ನೆನಪಾಗುತ್ತಿದೆ.

ಇನ್ನೊಂದು ಹೇಳಲು ಮರೆತೆ. ಕೋಲ್ಗೇಟ್ ಎಂಬ ಯೂನಿವರ್ಸಿಟಿ ಇದೆ, ನಮ್ಮ ಟೂತ್‌ಪೇಸ್ಟ್ ಕಂಪನಿ ಶುರುಮಾಡಿದವರ ಮನೆತನದ ಹೆಸರೇ. ಅವರ ತಂಡ ಬಂದರೆ ಇವರು ಪೇಸ್ಟ್ ಟ್ಯೂಬ್ ಎಸೆಯುತ್ತಾರಂತೆ. ಮುಂದಿನ ಸಲ ಆ ಮ್ಯಾಚ್‌ಗೇ ಬರುತ್ತೇನೆ. ಪೇಸ್ಟ್ ಬಿದ್ದರೆ ಒರೆಸಬಹುದು, ಹಲ್ಲುಜ್ಜಲೂಬಹುದು.

ಸ್ಕೋರ್ ಈ ಶಾಟ್‌ನಲ್ಲಿ ಮೇಲೆ ಬಲಗಡೆ ಬೋರ್ಡಿನಲ್ಲಿದೆ, ವಿಡಿಯೊ ನಿಲ್ಲಿಸಿ ನೋಡಿಕೊಳ್ಳಿ.

ಮುಂದಿನ ವಿಡಿಯೊದಲ್ಲಿ ಅಣ್ಣ ಬರುತ್ತಾನೆ. ಫೀಸಿಲ್ಲದೆ ಪಿಎಚ್‌ಡಿ ಸೀಟು ಹೇಗೆ, ಪ್ರೊಫೆಸರ್‌ಗೆ ಮೇಲ್ ಹೇಗೆ ಬರೆಯಬೇಕು, ಎಲ್ಲ ಹೇಳುತ್ತಾನಂತೆ. ಮುಖ ತೋರಿಸಬಾರದು ಎಂಬ ಷರತ್ತು ಹಾಕಿದ್ದಾನೆ. ಪ್ರಶ್ನೆ ಇದ್ದರೆ ಕಾಮೆಂಟಿನಲ್ಲಿ ಹಾಕಿ. ಕೈಗೆ ಎಷ್ಟು ಬರುತ್ತದೆ ಎಂದು ಮಾತ್ರ ಕೇಳಬೇಡಿ, ಅದನ್ನು ಅವನು ದೊಡ್ಡಮ್ಮನಿಗೇ ಹೇಳಿಲ್ಲ. ಬಸ್ ಬಂತು, ಬ್ಯಾಗ್ ಇನ್ನೂ ಮೇಲಿದೆ, ಸಿಗೋಣ.